ಕಪ್ಪತಗುಡ್ಡದ ಸೆರಗಿನ ಹೊಲಕ್ಕೆ ರಿವಾಲ್ವರೋ, ಪಿಸ್ತೂಲೋ?

2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಗಿ, ಒಬ್ಬ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಹೆಚ್ಚಾಗಿ ಉಳಿದದ್ದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೆ ಇಲ್ಲವೇ ಪರವಾನಗಿ ಪಡೆದ ಮಾರಾಟಗಾರರಿಗೆ ಒಪ್ಪಿಸಬೇಕಿತ್ತು. ನನ್ನ ಪರವಾನಗಿಯಲ್ಲಿ ಆಗ ತಂದೆಯವರಿಂದ ಬಂದ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡಿನಳಿಗೆ ಬಂದೂಕು, .32 ಬೋರಿನ ಒಂದು ರಿವಾಲ್ವರ್ ಮತ್ತು ಅದೇ ಬೋರಿನ ಒಂದು ಪಿಸ್ತೂಲು ಇದ್ದವು. ತಂದೆಯವರ ಬಂದೂಕನ್ನು ಬಿಡುವ ಮಾತೇ ಇರಲಿಲ್ಲ. ಉಳಿದ ಎರಡರಲ್ಲಿ ಹೊಲದ ದಾರಿಗೆ ಯಾವುದು ನಿಜವಾಗಿ ಒದಗುತ್ತದೆ ಎಂಬುದನ್ನು ಆ ವರ್ಷವಿಡೀ ಎರಡನ್ನೂ ಬದಲಾಯಿಸಿ ಬಳಸಿ, ಅನುಮತಿ ಪಡೆದು ಫೈರಿಂಗ್ ರೇಂಜಿನಲ್ಲಿ ಹಾರಿಸಿ ನೋಡಿ ತೀರ್ಮಾನಿಸಿದೆ. ಇಲ್ಲಿ ನಾನು ಹೋಲಿಸುತ್ತಿರುವುದು ಎರಡು ರಚನೆಗಳನ್ನು: ಗುಂಡುಗಳನ್ನು ತಿರುಗುವ ಸಿಲಿಂಡರಿನ ಕೋಣೆಗಳಲ್ಲಿ ಇಡುವ ರಿವಾಲ್ವರ್, ಹಿಡಿಯೊಳಗಿನ ಮ್ಯಾಗಜಿನ್ನಿನಲ್ಲಿ ಇಡುವ ಪಿಸ್ತೂಲು. ಆದ್ದರಿಂದ ಕಾರ್ಖಾನೆಗಳ ಹೆಸರನ್ನು ಎತ್ತುವುದಿಲ್ಲ.

ನಮ್ಮ ಹೊಲ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಡೋಣಿಯ ಕಡೆ, ಕಪ್ಪತಗುಡ್ಡದ ಬುಡಕ್ಕೆ ಹತ್ತಿಕೊಂಡಂತೆ ಇದೆ. ಗೋವಿನಜೋಳ, ಶೇಂಗಾ, ಈರುಳ್ಳಿ ನಮ್ಮ ಬೆಳೆಗಳು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ನೀರು ಹಾಯಿಸಲು ಒಬ್ಬನೇ ಹೋಗಬೇಕಾಗುತ್ತದೆ; ಈರುಳ್ಳಿ ಕಿತ್ತು ಒಟ್ಟಿದ ದಿನಗಳಲ್ಲಿ ಅಲ್ಲಿಯೇ ಮಲಗಬೇಕಾಗುತ್ತದೆ. ಮೊಬೈಲ್ ಸಿಗ್ನಲ್ ಗುಡ್ಡದ ಮರೆಯಲ್ಲಿ ಬಂದು ಹೋಗುತ್ತಿರುತ್ತದೆ, ಹತ್ತಿರದ ಮನೆಗೆ ಕೂಗು ಮುಟ್ಟುವುದಿಲ್ಲ. ಕಾಡುಹಂದಿಯಂತೂ ಪ್ರತಿ ಹಂಗಾಮಿನ ಅತಿಥಿ. ತೋಳ, ಕತ್ತೆಕಿರುಬ, ಚಿರತೆ ಈ ಗುಡ್ಡದ ಹಳೆಯ ನಿವಾಸಿಗಳು.

ಮೊದಲು ಪ್ರಾಣಿಗಳ ವಿಷಯವನ್ನೇ ಹೇಳಿಬಿಡುತ್ತೇನೆ, ಏಕೆಂದರೆ ಕೈಬಂದೂಕು ಕೊಳ್ಳಲು ಬರುವವರಲ್ಲಿ ಬಹಳಷ್ಟು ಮಂದಿ ಚಿರತೆ, ಹಂದಿಗಳ ಹೆಸರನ್ನೇ ಹೇಳುತ್ತಾರೆ. ಸಾಮಾನ್ಯ ನಾಗರಿಕರಿಗೆ ಸಿಗುವ .32 ಬೋರಿನ ಗುಂಡು, ಅದು ರಿವಾಲ್ವರಿನದಾಗಲಿ ಪಿಸ್ತೂಲಿನದಾಗಲಿ, ನಳಿಗೆಯ ಬಾಯಿಯಲ್ಲಿ ಸುಮಾರು 170 ಜೂಲ್ ಶಕ್ತಿಯನ್ನಷ್ಟೇ ಹೊಂದಿರುತ್ತದೆ. ನಾಗರಿಕರಿಗೆ ನಿಷಿದ್ಧವಾದ 9 ಎಂ.ಎಂ. ಗುಂಡಿನಲ್ಲಿ ಇದರ ಎರಡೂವರೆ ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. 12 ಬೋರಿನ ಒಂದು ತೋಟಾದಲ್ಲಿ 2000 ಜೂಲಿಗೂ ಹೆಚ್ಚು. ಬಲಿತ ಗಂಡು ಹಂದಿಯ ಹೆಗಲ ಮೇಲಿನ ದಪ್ಪ ಚರ್ಮ, ಅದರ ಕೆಳಗಿನ ಸ್ನಾಯು, ಅದು ನುಗ್ಗುವ ವೇಗ ಇವುಗಳ ಮುಂದೆ .32 ಗುಂಡನ್ನು ನಂಬಿ ನಿಲ್ಲುವುದು ಪ್ರಾಣವನ್ನು ಪಣಕ್ಕಿಟ್ಟಂತೆ. ಗಾಯಗೊಂಡ ಹಂದಿ ಗಾಯವಿಲ್ಲದ ಹಂದಿಗಿಂತ ಅಪಾಯಕಾರಿ. ತೋಳವಾಗಲಿ ಚಿರತೆಯಾಗಲಿ ಬೆಳಕು ಕಂಡರೆ, ಮನುಷ್ಯನ ಧ್ವನಿ ಕೇಳಿದರೆ ಹೆಚ್ಚಾಗಿ ತಾವೇ ಸರಿದುಹೋಗುತ್ತವೆ. ಆದ್ದರಿಂದ ಪ್ರಾಣಿಗಳಿಗಾಗಿ ನಾನು ಒಯ್ಯುವುದು ದೂರಕ್ಕೆ ಬೆಳಕು ಬೀಳುವ ಬ್ಯಾಟರಿ (ಟಾರ್ಚು) ಮತ್ತು ಗಟ್ಟಿ ಬಡಿಗೆ. ಇಬ್ಬರು ಮಾತಾಡುತ್ತಾ ಹೋಗುವುದು ಇವೆರಡಕ್ಕಿಂತಲೂ ಮೇಲು. ಕೈಬಂದೂಕಿನ ಪ್ರಶ್ನೆ ಏಳುವುದು ಮನುಷ್ಯನಿಂದ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಕೆಲವೇ ಹೆಜ್ಜೆಗಳ ಅಂತರದಲ್ಲಿ, ಬಹುಶಃ ಕತ್ತಲಲ್ಲಿ.

ಈ ಕತ್ತಲು ಎಂಬುದೇ ಎರಡು ಆಯುಧಗಳನ್ನು ಬೇರ್ಪಡಿಸುತ್ತದೆ. ಹೊಲದಲ್ಲಿ ರಾತ್ರಿ ನಡೆಯುವವನ ಎಡಗೈಯಲ್ಲಿ ಬ್ಯಾಟರಿ ಇದ್ದೇ ಇರುತ್ತದೆ. ಅಂದರೆ ಆಯುಧಕ್ಕೆ ಉಳಿಯುವುದು ಒಂದೇ ಕೈ. ರಿವಾಲ್ವರನ್ನು ಒಂದೇ ಕೈಯಲ್ಲಿ ಹೊರತೆಗೆದು, ಟ್ರಿಗರನ್ನು ಪೂರ್ತಿ ಎಳೆದರೆ ಸಿಲಿಂಡರ್ ತಾನೇ ತಿರುಗಿ, ಗುಂಡಿನ ಹಿಂಬದಿಗೆ ಬಡಿಯುವ ಹ್ಯಾಮರ್ ಎದ್ದು ಬಿದ್ದು ಗುಂಡು ಹಾರುತ್ತದೆ. ಆ ಎಳೆತ ಉದ್ದವಾಗಿದೆ, ಭಾರವಾಗಿದೆ. ಆದರೆ ಅವಸರದಲ್ಲಿ ಬೆರಳು ತಾಗಿ ಅನಾಹುತವಾಗದಂತೆ ತಡೆಯುವುದೂ ಆ ಭಾರವೇ. ಪಿಸ್ತೂಲಿನಲ್ಲಿ ಮೊದಲ ಗುಂಡು ನಳಿಗೆಯ ಕೋಣೆಗೆ ಬರಬೇಕಾದರೆ ಮೇಲೆ ಹಿಂದೆ ಮುಂದೆ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಡಬೇಕು. ಇಂಥ ಸಣ್ಣ ಪಿಸ್ತೂಲುಗಳಲ್ಲಿ ಗುಂಡು ಹಾರುವಾಗ ಹಿಂಬದಿಯನ್ನು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಮಾತ್ರವಾದ್ದರಿಂದ ಸ್ಪ್ರಿಂಗ್ ಸಾಕಷ್ಟು ಗಡುಸಾಗಿರುತ್ತದೆ. ಅದನ್ನು ಎಳೆಯಲು ಎರಡನೆಯ ಕೈ ಬೇಕು. ಎರಡನೆಯ ಕೈ ಬೇಕೆಂದರೆ ಬ್ಯಾಟರಿಯನ್ನು ಕೆಳಗೆ ಹಾಕಬೇಕು. ಗುಂಡನ್ನು ಮೊದಲೇ ಕೋಣೆಗೆ ತಂದು, ಸೇಫ್ಟಿ ಹಾಕಿ ಒಯ್ಯಬಹುದಲ್ಲ ಎಂದು ಕೇಳುವವರಿದ್ದಾರೆ. ದಿನವೂ ಅಭ್ಯಾಸ ಮಾಡುವ ಪೊಲೀಸನಿಗೆ, ಸೈನಿಕನಿಗೆ ಅದು ಸರಿಯಿರಬಹುದು. ಬಾಂದು ಹತ್ತಿ ಇಳಿದು, ಮುಳ್ಳುಬೇಲಿಯಲ್ಲಿ ನುಸುಳಿ, ಪೈಪು ಜೋಡಿಸಲು ಬಗ್ಗಿ, ಬೈಕಿನ ಮೇಲೆ ಕುಲುಕಾಡಿ ಹೋಗುವ ರೈತನ ಸೊಂಟದಲ್ಲಿ ಹಾಗೆ ಇರುವುದನ್ನು ನಾನು ಒಪ್ಪಲಾರೆ. ರಿವಾಲ್ವರಿನಲ್ಲಿ ನಾನು ಹಳಬರ ಪದ್ಧತಿಯಂತೆ ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಡುತ್ತೇನೆ. ಆರರ ಬದಲು ಐದು ಗುಂಡುಗಳಾಗುತ್ತವೆ, ಆದರೆ ಟ್ರಿಗರ್ ಎಳೆದ ಕೂಡಲೇ ಸಿಲಿಂಡರ್ ತುಂಬಿದ ಕೋಣೆಗೆ ತಿರುಗುವುದರಿಂದ ಮೊದಲ ಹೊಡೆತಕ್ಕೆ ತಡವಾಗುವುದಿಲ್ಲ.

ಇನ್ನೊಂದು ವ್ಯತ್ಯಾಸ ಗುಂಡು ಹಾರದೇ ಹೋದಾಗ ಕಾಣುತ್ತದೆ. ನಮ್ಮಂಥವರ ಬಳಿ ಗುಂಡುಗಳು ಬಹುಕಾಲ ಕುಳಿತಿರುತ್ತವೆ. ಮಳೆಗಾಲದ ತೇವ, ಬೆವರು, ಹಳೆತನ ಎಲ್ಲವೂ ಅವುಗಳ ಮೇಲೆ ಕೆಲಸ ಮಾಡುತ್ತವೆ. ರೇಂಜಿನಲ್ಲಿ ಹಳೆಯ ಗುಂಡುಗಳನ್ನು ಬೇಕೆಂದೇ ಪರೀಕ್ಷೆಗೆ ಹಾಕಿದಾಗ ಎರಡೂ ಆಯುಧಗಳಲ್ಲಿ ಸಿಡಿಯದ ಗುಂಡುಗಳು ಬಂದವು. ರಿವಾಲ್ವರಿನಲ್ಲಿ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನ ಗುಂಡು ಎದುರಿಗೆ ಬಂದು ನಿಲ್ಲುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಕೆಟ್ಟ ಗುಂಡನ್ನು ಹೊರಹಾಕಿ ಹೊಸದನ್ನು ತರಬೇಕು, ಮತ್ತೆ ಎರಡು ಕೈಗಳ ಕೆಲಸ. ಅಭ್ಯಾಸದ ವೇಳೆಯಲ್ಲಿ ಗುಂಡು ಹಾರದಿದ್ದರೆ ಕೂಡಲೇ ಮುಂದುವರಿಯದೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು; ತಡವಾಗಿ ಸಿಡಿಯುವ ಗುಂಡುಗಳೂ ಇರುತ್ತವೆ.

ಧೂಳಿನ ಮಾತು ಗದಗ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಎರೆಮಣ್ಣಿನ ಪುಡಿ, ಗೋವಿನಜೋಳ ಬಡಿಯುವಾಗಿನ ಹೊಟ್ಟು, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಇವೆಲ್ಲವನ್ನೂ ಎಲ್ಲೆಡೆ ತುಂಬುತ್ತದೆ. ಪಿಸ್ತೂಲಿನ ಸ್ಲೈಡಿನ ಹಳಿಗಳಿಗೆ ಎಣ್ಣೆ ಬೇಕು, ಎಣ್ಣೆ ಧೂಳನ್ನು ಹಿಡಿಯುತ್ತದೆ, ಧೂಳು ಎಣ್ಣೆಯನ್ನು ಕುಡಿದು ಅಂಟಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಕೆಲವು ದಿನ ಸೊಂಟದಲ್ಲಿಟ್ಟು ಒರೆಸದೆ ರೇಂಜಿಗೆ ಒಯ್ದಾಗ ಪಿಸ್ತೂಲಿನ ಸ್ಲೈಡ್ ಪೂರ್ತಿ ಮುಚ್ಚದೆ ನಿಂತಿತು. ಅದೇ ಸ್ಥಿತಿಯ ರಿವಾಲ್ವರ್ ಗುಂಡುಗಳನ್ನೆಲ್ಲ ಹಾರಿಸಿತು. ರಿವಾಲ್ವರಿಗೆ ಧೂಳು ತಾಗುವುದಿಲ್ಲ ಎಂದಲ್ಲ. ಖಾಲಿ ತೋಟಾಗಳನ್ನು ಹೊರದೂಡುವ ಎಜೆಕ್ಟರಿನ ನಕ್ಷತ್ರಾಕಾರದ ತುದಿಯ ಕೆಳಗೆ ಒಂದು ಹೊಟ್ಟಿನ ಚೂರು ಸೇರಿದರೂ ಸಿಲಿಂಡರ್ ಬಿಗಿಯಾಗುತ್ತದೆ. ಆದರೆ ನಳಿಗೆಯನ್ನು ಮಡಚಿ ತೆರೆದರೆ ಆ ಜಾಗ ಕಣ್ಣಿಗೆ ಕಾಣುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಸಲ ಉಜ್ಜಿದರೆ ಸಾಕು. ಪಿಸ್ತೂಲನ್ನು ಬಿಚ್ಚಿ ಒರೆಸಲು ಬೆಳಕು, ಸಮತಟ್ಟಾದ ಜಾಗ, ಸಮಾಧಾನ ಮೂರೂ ಬೇಕು.

ಪಿಸ್ತೂಲಿನ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹಗಲಿನಲ್ಲಿ, ಎರಡೂ ಕೈಗಳಿಂದ ಹಿಡಿದು, ಹತ್ತು ಮೀಟರಿನ ಗುರಿಗೆ ಹಾರಿಸಿದಾಗ ನನ್ನ ಹೊಡೆತಗಳು ಪಿಸ್ತೂಲಿನಲ್ಲಿಯೇ ಹೆಚ್ಚು ಒತ್ತಾಗಿ ಬಿದ್ದವು. ಅದರ ಟ್ರಿಗರ್ ಹಗುರ, ಧಕ್ಕೆ ಕಡಿಮೆ, ಮ್ಯಾಗಜಿನ್ನಿನಲ್ಲಿ ಎಂಟು ಗುಂಡುಗಳು. ರಿವಾಲ್ವರಿನಲ್ಲಿ ಭಾರದ ಎಳೆತದಿಂದ ಮೊದಲ ಹೊಡೆತ ಕೆಳಕ್ಕೂ ಎಡಕ್ಕೂ ಜಾರುತ್ತಿತ್ತು. ಹೆಬ್ಬೆರಳಿನಿಂದ ಹ್ಯಾಮರ್ ಎಬ್ಬಿಸಿ ಹಾರಿಸಿದರೆ ಸರಿಯಾಗುತ್ತಿತ್ತು, ಆದರೆ ಅವಸರದಲ್ಲಿ ಆ ಸಮಾಧಾನ ಎಲ್ಲಿಂದ ಬರಬೇಕು? ಹಾಗಾಗಿ ನಾನು ಅಭ್ಯಾಸ ಮಾಡುವುದು ಭಾರದ ಎಳೆತದಲ್ಲಿಯೇ. ಉಡುಪಿನ ಒಳಗೆ ಪಿಸ್ತೂಲು ಚಪ್ಪಟೆಯಾಗಿ ಕೂರುತ್ತದೆ. ರಿವಾಲ್ವರಿನ ಸಿಲಿಂಡರ್ ಬೈಕಿನ ಮೇಲೆ ಸೊಂಟಕ್ಕೆ ಒತ್ತುತ್ತದೆ, ಅಂಗಿಯ ಮೇಲೆ ಉಬ್ಬು ಕಾಣುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್‌ಸ್ಟರ್‌ನಲ್ಲಿಟ್ಟೇ ಒಯ್ಯಬೇಕು, ಝಳಪಿಸಬಾರದು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದರಿಂದ ಈ ಉಬ್ಬು ಸಣ್ಣ ವಿಷಯವಲ್ಲ. ಡಂಬಳದ ಸಂತೆಯಲ್ಲಿ ನಾಲ್ಕು ಜನರ ಕಣ್ಣು ಸೊಂಟದ ಮೇಲೆ ಬಿದ್ದರೆ ರಕ್ಷಣೆಗಿಂತ ತೊಂದರೆಯೇ ಹೆಚ್ಚು.

ತೂಕದಲ್ಲಿ ದೊಡ್ಡ ಅಂತರವಿಲ್ಲ. ತುಕ್ಕಿನಲ್ಲಿಯೂ ಇಲ್ಲ: ಚರ್ಮದ ಚೀಲದಲ್ಲಿ ರಾತ್ರಿಯಿಡೀ ಬಿಟ್ಟರೆ ಎರಡಕ್ಕೂ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಗುಂಡು ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಎರಡಕ್ಕೂ .32 ಎಂದೇ ಹೆಸರಿದ್ದರೂ ಗುಂಡುಗಳು ಬೇರೆ. ರಿವಾಲ್ವರಿನದು ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ಎಂಬ ನಮೂನೆ, ಅದರ ಕೋಶ (ಮದ್ದು ತುಂಬಿದ ಲೋಹದ ಕವಚ) 23 ಮಿಲಿಮೀಟರ್ ಉದ್ದ, ಹಿಂಬದಿಯಲ್ಲಿ ಅಗಲವಾದ ಅಂಚು, ಸೀಸದ ತುದಿ ಆರು ಗ್ರಾಮಿಗೂ ಸ್ವಲ್ಪ ಹೆಚ್ಚು. ಪಿಸ್ತೂಲಿನದು ಎ.ಸಿ.ಪಿ., ಕೋಶ 17 ಮಿಲಿಮೀಟರ್, ತುದಿ ಐದು ಗ್ರಾಮಿನೊಳಗೆ, ಆದರೆ ವೇಗ ಹೆಚ್ಚು. ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು. ಮನೆಯಲ್ಲಿ ಎರಡೂ ಇದ್ದ ಕಾಲದಲ್ಲಿ ಡಬ್ಬಿಗಳನ್ನು ಬೇರೆ ಬೇರೆ ಬೀರುಗಳಲ್ಲಿ ಬೀಗ ಹಾಕಿ ಇಡುತ್ತಿದ್ದೆ. ಪರವಾನಗಿಯಲ್ಲಿ ಬರೆದಷ್ಟೇ ಗುಂಡುಗಳನ್ನು ಕೊಂಡು, ಪ್ರತಿಯೊಂದರ ಲೆಕ್ಕ ಇಡಬೇಕಾದವರಿಗೆ ಇನ್ನೊಂದು ಅನುಕೂಲ ರಿವಾಲ್ವರಿನಲ್ಲಿದೆ: ಖಾಲಿ ಕೋಶಗಳು ಒಳಗೇ ಉಳಿಯುತ್ತವೆ, ಪಿಸ್ತೂಲಿನವು ಹಾರಿ ಹೋಗಿ ಶೇಂಗಾದ ಸಾಲಿನಲ್ಲಿ ಮಾಯವಾಗುತ್ತವೆ.

ಹಾರಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬ ಪ್ರಶ್ನೆಯಲ್ಲಿ ಮಾತ್ರ ಎರಡು ಕೈಬಂದೂಕುಗಳೂ ಒಂದೇ, 12 ಬೋರು ಬೇರೆ. ಬಂದೂಕಿನ ಸಣ್ಣ ಛರ್ರೆಗಳು ಕೆಲವು ನೂರು ಮೀಟರುಗಳಲ್ಲಿ ಬಲ ಕಳೆದುಕೊಂಡು ಬೀಳುತ್ತವೆ. ಕೈಬಂದೂಕಿನ ಒಂಟಿ ಗುಂಡು ತಡೆ ಸಿಗದಿದ್ದರೆ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮ ಕಡೆ ಖಾಲಿ ಹೊಲಗಳಲ್ಲಿ ಕುರಿಗಾರರು ಹಿಂಡು ತರುಬಿ, ಹೆಂಡಿರು ಮಕ್ಕಳೊಡನೆ ಬಯಲಿನಲ್ಲೇ ಮಲಗಿರುತ್ತಾರೆ. ಕತ್ತಲಲ್ಲಿ ಅವರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಹೆದರಿಸಲು ಗಾಳಿಯಲ್ಲಿ ಗುಂಡು ಹಾರಿಸುವುದನ್ನು ನಾನು ಯಾವ ಕಾರಣಕ್ಕೂ ಮಾಡುವುದಿಲ್ಲ; ಸದ್ದು ಬೇಕಾದರೆ ಡಬ್ಬಿ ಬಾರಿಸಬಹುದು.

ಕೇಬಲ್ ಕದ್ದು ಓಡುವವನ ಬೆನ್ನಿಗೆ ಗುಂಡು ಹಾರಿಸಲು ಯಾವ ಪರವಾನಗಿಯೂ ಹಕ್ಕು ಕೊಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಆದರೆ ಅಪಾಯಕ್ಕೆ ತಕ್ಕಷ್ಟು ಮಾತ್ರ. ಬರೀ ಕಳ್ಳತನಕ್ಕೆ ಜೀವ ತೆಗೆಯುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಪ್ರಾಣಿಯ ವಿಷಯದಲ್ಲಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ಸದ್ಭಾವನೆಯ ಆತ್ಮರಕ್ಷಣೆಯನ್ನು ಅಪರಾಧವೆನ್ನುವುದಿಲ್ಲ. ಆದರೆ ಅದೇ ಕಾಯ್ದೆಯ 31ನೇ ಕಲಮಿನಂತೆ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಗುಡ್ಡದೊಳಗಿನ ಕಾಲುದಾರಿಯನ್ನು ಬಿಟ್ಟು, ಆಯುಧವಿರುವ ದಿನ ಸುತ್ತಾದರೂ ರಸ್ತೆಯಲ್ಲಿಯೇ ಹೋಗುತ್ತೇನೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನ ರೈತರಿಗೂ ಇದೇ ಮಾತು ಅನ್ವಯಿಸುತ್ತದೆ. ಚುನಾವಣೆ ಬಂದಾಗ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುವುದರಿಂದ ಕೆಲವು ವಾರ ಹೇಗಿದ್ದರೂ ಬ್ಯಾಟರಿ, ಬಡಿಗೆ, ಜೊತೆಗಾರ ಇವೇ ನಮ್ಮ ಪಾಲಿಗೆ ಉಳಿಯುತ್ತವೆ.

ಇಷ್ಟನ್ನು ತೂಗಿ ನೋಡಿ ನಾನು ಪಿಸ್ತೂಲನ್ನು ಮಾರಾಟಗಾರರಿಗೆ ಒಪ್ಪಿಸಿ, ಪರವಾನಗಿಯಿಂದ ತೆಗೆಸಿ, ರಿವಾಲ್ವರನ್ನು ಉಳಿಸಿಕೊಂಡೆ. ಹುಬ್ಬಳ್ಳಿಯ ಮಾರುಕಟ್ಟೆಯಿಂದ ಹಣ ತೆಗೆದುಕೊಂಡು ಹಗಲಿನಲ್ಲಿ ಕಾರಿನಲ್ಲಿ ಓಡಾಡುವ ವ್ಯಾಪಾರಿ ಇದೇ ಎರಡರಲ್ಲಿ ಪಿಸ್ತೂಲನ್ನು ಆರಿಸಿದರೆ ನಾನು ಬೇಡವೆನ್ನುವುದಿಲ್ಲ, ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವುದಾದರೆ. ಹೊಲಕ್ಕಾದರೆ ರಿವಾಲ್ವರೇ. 2014ರಲ್ಲಿ ಬಂದ ಸುಮಾರು ಅರ್ಧ ಕಿಲೋ ತೂಕದ ನಿರ್ಭೀಕ್, 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆಯುವ ಪ್ರಬಲ್ ಇವೂ .32 ಬೋರಿನ ರಿವಾಲ್ವರುಗಳೇ, ನಾನು ಹಾರಿಸಿ ನೋಡದ ಕಾರಣ ಅವುಗಳ ಬಗ್ಗೆ ತೀರ್ಪು ಕೊಡುವುದಿಲ್ಲ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಆಯುಧ ಖಾಲಿಯಿದೆಯೆಂದು ತಾವೇ ತೆರೆದು ನೋಡಿ, ಮಾರಾಟಗಾರರ ಅನುಮತಿ ಕೇಳಿ, ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರನ್ನು ಒಂದೇ ಕೈಯಲ್ಲಿ, ಮೊದಲು ಬಲಗೈಯಲ್ಲಿ ಆಮೇಲೆ ಎಡಗೈಯಲ್ಲಿ, ನಳಿಗೆ ಅಲುಗದಂತೆ ಪೂರ್ತಿ ಎಳೆಯಲು ಆಗುತ್ತದೆಯೇ ನೋಡಬೇಕು. ಆಗದಿದ್ದರೆ ಆ ರಿವಾಲ್ವರ್ ಎಷ್ಟು ಚೆನ್ನಾಗಿದ್ದರೂ ಅದು ಅವರ ಕೈಗೆ ಹೊಂದುವುದಲ್ಲ. ಬೇರೆಯದನ್ನು ತೋರಿಸಲು ಕೇಳಬೇಕು.