ಅಡಾಪ್ಟಿವ್ ಕ್ರೂಸ್ ಕಂಟ್ರೋಲ್: ಎರಡು ವರ್ಷ ಹೆದ್ದಾರಿಯಲ್ಲಿ ಬಳಸಿದ ಮೇಲೆ

ನನ್ನ ಓಡಾಟ ಹೆಚ್ಚಾಗಿ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ. ನಾವು ಸೆಟ್ ಮಾಡಿದ ವೇಗದಲ್ಲಿ ಹೋಗುತ್ತಾ, ಮುಂದೆ ಗಾಡಿ ಸಿಕ್ಕರೆ ಕಾರು ತಾನೇ ವೇಗ ಇಳಿಸಿ ಅಂತರ ಕಾಯ್ದುಕೊಳ್ಳುವ ಈ ಸೌಲಭ್ಯ ನನಗೆ ತುಂಬಾ ಇಷ್ಟ. ತುಮಕೂರು ದಾಟಿದ ಮೇಲೆ ಬಲಗಾಲಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತದೆ, ದಾವಣಗೆರೆ ಬರುವ ಹೊತ್ತಿಗೆ ಸೊಂಟ ಮೊದಲಿನಷ್ಟು ನೋಯುವುದಿಲ್ಲ. ಆದರೆ ಶೋರೂಮಿನಲ್ಲಿ ಯಾರೂ ಸರಿಯಾಗಿ ಕೇಳದ ವಿಷಯ ಒಂದಿದೆ. ಅದು ಮುಂದಿನ ಗಾಡಿಗೆ ಬಿಡುವ ಅಂತರ.

ನನ್ನ ಕಾರಿನ ಪರದೆಯಲ್ಲಿ ಇದಕ್ಕೆ ನಾಲ್ಕು ಗೆರೆಗಳಿವೆ: ಒಂದು ಗೆರೆ ಅಂದರೆ ಅತಿ ಕಡಿಮೆ ಅಂತರ, ನಾಲ್ಕು ಅಂದರೆ ಅತಿ ಹೆಚ್ಚು. ಅದು ಮೀಟರ್ ಲೆಕ್ಕ ಅಲ್ಲ, ಸಮಯದ ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಎರಡೇ ಸೆಕೆಂಡ್ ಫೋನ್ ನೋಡಿದರೂ ಸುಮಾರು 55 ಮೀಟರ್ ರಸ್ತೆ ನೋಡದೇ ಹೋಗಿರುತ್ತೇವೆ. ಒಂದೇ ಗೆರೆ ಇಟ್ಟುಕೊಂಡರೆ ಮುಂದಿನ ಬಸ್ಸಿಗೂ ನಮಗೂ ಮಧ್ಯೆ ಅಷ್ಟು ಜಾಗವೇ ಇರಲ್ಲ.

ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ ಅಂತ ಸ್ನೇಹಿತರು ಹೇಳುತ್ತಾರೆ. ನುಗ್ಗುತ್ತಾರೆ, ನಿಜ. ಒಬ್ಬರು ನುಗ್ಗಿದರೆ ನಮಗೆ ಹೋಗುವುದು ಎರಡು ಮೂರು ಸೆಕೆಂಡ್. ಇಪ್ಪತ್ತು ಜನ ನುಗ್ಗಿದರೂ ಒಂದು ನಿಮಿಷ. ಟೋಲ್‌ನಲ್ಲಿ ಮುಂದಿನವರ ಫಾಸ್ಟ್ಯಾಗ್ ಓದದಿದ್ದರೆ ಅದಕ್ಕಿಂತ ಜಾಸ್ತಿ ಹೊತ್ತು ಕಾಯುತ್ತೇವೆ, ಅಲ್ವಾ? ನಾನು ನಾಲ್ಕು ಗೆರೆಯಿಂದ ಇಳಿಸುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ನಿಂತ ಲಾರಿಗಳದ್ದು. ಓಡುತ್ತಿರುವ ಗಾಡಿಯನ್ನು ಕಾರಿನ ರೇಡಾರ್ (ರೇಡಿಯೋ ತರಂಗ ಬಿಟ್ಟು ಮುಂದಿರುವುದನ್ನು ಗುರುತಿಸುವ ಸಾಧನ) ಚೆನ್ನಾಗಿ ಹಿಡಿಯುತ್ತದೆ. ಸೇತುವೆ, ಬೋರ್ಡು, ತಡೆಗೋಡೆಗಳಿಂದಲೂ ಅದಕ್ಕೆ ಸಿಗ್ನಲ್ ವಾಪಸ್ ಬರುತ್ತಿರುತ್ತದೆ. ಅದಕ್ಕೆಲ್ಲ ಬ್ರೇಕ್ ಹಾಕಬಾರದೆಂದು ನಿಂತ ವಸ್ತುಗಳ ಸಿಗ್ನಲನ್ನು ಅದು ಕಡೆಗಣಿಸುವುದುಂಟು. ಹಾಗಾಗಿ ಜೋರಾಗಿ ಹೋಗುವಾಗ ಪೂರ್ತಿ ನಿಂತಿರುವುದನ್ನು ಗುರುತಿಸದೇ ಇರಬಹುದು. ಕಾರಿನ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ, ದಯವಿಟ್ಟು ಓದಿ. ನೀವು 100ಕ್ಕೆ ಸೆಟ್ ಮಾಡಿ, ಒಂದು ಕಾರಿನ ಹಿಂದೆ 80ರಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆ ಕಾರು ತಟ್ಟನೆ ಪಕ್ಕಕ್ಕೆ ಸರಿಯಿತು. ಎದುರಿಗೆ ಕೆಟ್ಟು ನಿಂತ ಲಾರಿ, ಹಿಂದೆ ದೀಪ ಇಲ್ಲ, ಸುತ್ತ ನಾಲ್ಕು ಕಲ್ಲು ಇಟ್ಟಿದ್ದಾರೆ ಅಷ್ಟೇ. ದಾರಿ ಖಾಲಿ ಅಂದುಕೊಂಡು ನಿಮ್ಮ ಕಾರು ವೇಗ ಹೆಚ್ಚಿಸಬಹುದು. ಆಗ ಬ್ರೇಕ್ ಒತ್ತಬೇಕಾದವರು ನೀವೇ. ಕಾಲು ಮಡಚಿಕೊಂಡು ಕೂತಿದ್ದರೆ, ಗಮನ ರೀಲ್ಸ್ ಕಡೆ ಇದ್ದರೆ, ಒತ್ತುವುದು ಹೇಗೆ?

ಕೆಲಸ ಕಡಿಮೆಯಾದಷ್ಟೂ ಗಮನ ಜಾರುತ್ತದೆ. ಸ್ಟೇರಿಂಗ್ ಹಿಡಿದಿದ್ದೀರಾ ಅಂತ ನನ್ನ ಕಾರು ಆಗಾಗ ಎಚ್ಚರಿಸುತ್ತದೆ. ಕಣ್ಣು ರಸ್ತೆಯ ಮೇಲಿದೆಯಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಚಾಲಕರ ಮುಖ ಗಮನಿಸುವ ಕ್ಯಾಮೆರಾ ಕೆಲವು ಕಾರುಗಳಲ್ಲಿದೆ. ಸನ್‌ರೂಫ್‌ಗಿಂತ ಮೊದಲು ಅದನ್ನು ಕೇಳಿ. ನಾನಂತೂ ಫೋನನ್ನು ಹಿಂದಿನ ಸೀಟಿಗೆ ಹಾಕಿ, ಬಲಗಾಲನ್ನು ಬ್ರೇಕ್ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. 2023ರ ಆಗಸ್ಟ್‌ನಿಂದ ಅಲ್ಲಿನ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲ. ಶಿರಾಡಿ ಘಾಟಿಯಲ್ಲಿ, ಜೋರು ಮಳೆಯಲ್ಲಿ, ಊರೊಳಗೆ ಆಫ್ ಮಾಡುತ್ತೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಅಂತರದ ಬಟನ್ ಎಲ್ಲಿದೆ ನೋಡಿ. ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ನೀವು ಇಟ್ಟ ಸೆಟ್ಟಿಂಗ್ ಹಾಗೇ ಇದೆಯಾ ಅನ್ನುವುದನ್ನೂ ಪರೀಕ್ಷಿಸಿ.