ಅರ್ಧ ಬಾಲ, ಇಡೀ ಬಾಲ, ತುದಿ ತೆಗೆದ ಬಾಲ: ಮೂರು ಸ್ಪ್ಯಾನಿಯಲ್‌ಗಳ ಹೋಲಿಕೆ

ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ನೆಲೆಸಿದ ಮೇಲೆ ನಾನು ಸಾಕಿದ ಸ್ಪ್ರಿಂಗರ್ ಸ್ಪ್ಯಾನಿಯಲ್ ಎಂಬ ಬೇಟೆ ತಳಿಯ ಮೂರು ಹೆಣ್ಣುನಾಯಿಗಳ ಬಾಲಗಳು ಮೂರು ಬಗೆಯವು. ಅದಕ್ಕೆ ನನ್ನ ಅಭಿರುಚಿಗಿಂತ ಆಯಾ ಕಾಲದ ಕಾನೂನೇ ಹೆಚ್ಚು ಕಾರಣ. 2009ರಲ್ಲಿ ಗಡಿಯಾಚೆ, ಇಂಗ್ಲೆಂಡಿನ ನಾರ್ತಂಬರ್ಲೆಂಡಿನಿಂದ ತಂದ ಹೇಮೆಯ ಬಾಲವನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. 2013ರಲ್ಲಿ ಇಲ್ಲಿಯೇ ಹುಟ್ಟಿದ ತುಂಗೆಗೆ ಇಡೀ ಬಾಲವಿತ್ತು. 2018ರಲ್ಲಿ ಹುಟ್ಟಿದ ಭದ್ರೆಯ ಬಾಲದಲ್ಲಿ ತುದಿಯ ಮೂರನೆಯ ಒಂದು ಭಾಗ ಮಾತ್ರ ಇಲ್ಲ. (ಭದ್ರೆಯ ಮಹಾಪ್ರಾಣ ಇಲ್ಲಿ ಯಾರ ನಾಲಿಗೆಗೂ ಒಗ್ಗದೆ ಅವಳು ಊರಿಗೆಲ್ಲ ‘ಬಡ್ರಾ’ ಆಗಿದ್ದಾಳೆ.) ಮೂವರೂ ಒಂದೇ ಎಸ್ಟೇಟಿನ ಒಂದೇ ಮುಳ್ಳುಪೊದೆಗಳಲ್ಲಿ ದುಡಿದವರಾದ್ದರಿಂದ ಅವರನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅಷ್ಟೇನೂ ಅನ್ಯಾಯವಲ್ಲ ಎಂದುಕೊಂಡಿದ್ದೇನೆ.

ಕೆಲಸ ಎಂಥದ್ದು ಎಂದು ಹೇಳದೆ ಬಾಲದ ಮಾತಿಗೆ ಅರ್ಥವಿಲ್ಲ. ಇಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅವಕಾಶವಿದೆ. ಕೋವಿ ಹಿಡಿದವರು ಗುರುತು ಮಾಡಿದ ಜಾಗಗಳಲ್ಲಿ ನಿಲ್ಲುತ್ತಾರೆ, ನಮ್ಮ ಮಲೆನಾಡಿನಲ್ಲಿ ಬಿಲ್ಲಿಗೆ ಕೂರುವುದು ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆಯೇ; ಉಳಿದವರು ನಾಯಿಗಳೊಡನೆ ಸಾಲಾಗಿ ಹಳು ನುಗ್ಗಿ, ಹಕ್ಕಿಗಳನ್ನು ಎಬ್ಬಿಸಿ ಅವರತ್ತ ಸೋವುತ್ತಾರೆ. ನಾನು ಸೋವಿನ ಸಾಲಿನವನು. ಋತುವೊಂದಕ್ಕೆ ಇಪ್ಪತ್ತು ಇಪ್ಪತ್ತೈದು ದಿನಗಳ ಕೆಲಸ, ದಿನದ ಕೊನೆಗೆ ಅಲ್ಪ ಸಂಭಾವನೆ ಮತ್ತು ಒಂದು ಜೊತೆ ಹಕ್ಕಿ. ನಾವು ಕೋಲಿನಿಂದ ಬಡಿದು ಸದ್ದು ಮಾಡುವ ಬ್ರಾಂಬಲ್ ಮತ್ತು ಗಾರ್ಸ್ ಪೊದೆಗಳ ಒಳಗೆ ಸ್ಪ್ಯಾನಿಯಲ್ ಹೊಟ್ಟೆ ಎಳೆದುಕೊಂಡು ನುಸುಳುತ್ತದೆ. ವಾಸನೆ ಸಿಕ್ಕಿದ ಕ್ಷಣ ಅದರ ಬಾಲ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ, ಮತ್ತು ಹಕ್ಕಿ ಹತ್ತಿರವಾದಷ್ಟೂ ಆ ಬೀಸು ಜೋರಾಗುತ್ತದೆ. ಅಂದರೆ ಮುಳ್ಳು ಅತ್ಯಂತ ದಟ್ಟವಾಗಿರುವ ಜಾಗದಲ್ಲಿಯೇ ಬಾಲದ ತುದಿ ಅತ್ಯಂತ ವೇಗವಾಗಿ ಚಲಿಸುತ್ತಿರುತ್ತದೆ.

ಇನ್ನು ಕಾನೂನು. ಬ್ರಿಟನ್ನಿನಲ್ಲಿ 1993ರ ಜುಲೈವರೆಗೆ ಮರಿಗಳ ಬಾಲವನ್ನು ಸಾಕುವವರೇ ಕತ್ತರಿಸಬಹುದಿತ್ತು. ಆ ಬಳಿಕ ಅದು ಪಶುವೈದ್ಯರ ಕೈಗೆ ಮಾತ್ರ ಉಳಿಯಿತು. 2006ರ ಪ್ರಾಣಿಕಲ್ಯಾಣ ಕಾಯಿದೆಗಳ ನಂತರ ದಾರಿಗಳು ಕವಲೊಡೆದವು. ಇಂಗ್ಲೆಂಡು ಅಲಂಕಾರಕ್ಕಾಗಿ ಬಾಲ ಕತ್ತರಿಸುವುದನ್ನು ನಿಷೇಧಿಸಿ, ದುಡಿಯುವ ನಾಯಿಗಳಿಗೆ ಮಾತ್ರ ವಿನಾಯಿತಿ ನೀಡಿತು: ಮರಿಗೆ ಐದು ದಿನ ಮೀರಿರಬಾರದು, ಅದು ದುಡಿಮೆಗೆ ಹೋಗುವುದೆಂಬುದಕ್ಕೆ ಪುರಾವೆ ಬೇಕು, ವೈದ್ಯರ ಪ್ರಮಾಣಪತ್ರ ಮತ್ತು ಮೈಕ್ರೋಚಿಪ್ ಬೇಕು. ಸ್ಕಾಟ್ಲೆಂಡು ಯಾವ ವಿನಾಯಿತಿಯನ್ನೂ ಇಡದೆ 2007ರಿಂದ ಪೂರ್ತಿ ನಿಷೇಧಿಸಿತು, ಇಲ್ಲಿಯ ಮರಿಯನ್ನು ಹೊರಗೆ ಒಯ್ದು ಕತ್ತರಿಸಿಕೊಂಡು ಬರುವುದನ್ನೂ ಅಪರಾಧವೆಂದಿತು. ಹತ್ತು ವರ್ಷಗಳ ನಂತರ, 2017ರಲ್ಲಿ, ದುಡಿಮೆಯ ಸ್ಪ್ಯಾನಿಯಲ್‌ಗಳಿಗೆ ಮತ್ತು ಬೇಟೆ ಹುಡುಕಿ, ನಿಂತು ತೋರಿಸಿ, ಹೊತ್ತು ತರುವ ತಳಿಗಳಿಗೆ ಮಾತ್ರ ತುದಿಯ ಮೂರನೆಯ ಒಂದು ಭಾಗದವರೆಗೆ ತೆಗೆಯಲು ಅನುಮತಿ ಬಂತು. ಇಂಗ್ಲೆಂಡಿನ ವಿನಾಯಿತಿಯಲ್ಲಿರುವ ಟೆರಿಯರ್‌ಗಳು ಇಲ್ಲಿಯದರಲ್ಲಿ ಸೇರಿಲ್ಲ. ನನ್ನ ಮೂರು ನಾಯಿಗಳು ಈ ಮೂರು ವ್ಯವಸ್ಥೆಗಳ ಮಕ್ಕಳು.

ಹೇಮೆಯ ವಿಷಯದಲ್ಲಿ ಹೇಳುವುದು ಕಡಿಮೆ, ಮತ್ತು ಹೇಳುವುದು ಕಡಿಮೆ ಇರುವುದೇ ಅವಳ ಪರವಾದ ವಾದ. ಹತ್ತು ಋತುಗಳಲ್ಲಿ ಅವಳ ಬಾಲಕ್ಕೆ ಒಮ್ಮೆಯೂ ಗಾಯವಾಗಲಿಲ್ಲ. ಆದರೆ ಕಿವಿಗಳು ಹರಿದವು, ಎಷ್ಟೋ ಸಲ. ಮುಂಗಾಲಿನ ಉಗುರೊಂದು ಕಿತ್ತುಹೋಯಿತು. ಸ್ಪ್ಯಾನಿಯಲ್‌ನ ಜೋಲುಕಿವಿ ಮುಳ್ಳಿಗೆ ಸಿಕ್ಕುವಷ್ಟು ಸುಲಭವಾಗಿ ಬಾಲವೂ ಸಿಕ್ಕದಿರುವಾಗ, ಕಿವಿಯನ್ನು ಕತ್ತರಿಸೋಣವೆಂದು ಯಾವ ಬೇಟೆಗಾರನೂ ಸೂಚಿಸಿದ್ದನ್ನು ನಾನು ಕೇಳಿಲ್ಲ ಎಂಬುದು ಆಗಿನಿಂದಲೂ ನನ್ನನ್ನು ಕಾಡಿದ ಪ್ರಶ್ನೆ. ಮೋಟು ಬಾಲದಿಂದ ನನಗಾದ ನಷ್ಟವೂ ಒಂದಿತ್ತು: ಪೊದೆಯೊಳಗೆ ಅವಳು ಎಲ್ಲಿದ್ದಾಳೆಂದು ಕಾಣುತ್ತಿರಲಿಲ್ಲ, ಅವಳ ಮನಸ್ಸಿನಲ್ಲಿ ಏನಿದೆಯೆಂದೂ ತಿಳಿಯುತ್ತಿರಲಿಲ್ಲ. ಅಪರಿಚಿತ ನಾಯಿಗಳು ಅವಳ ಬಳಿ ಬರುವಾಗ ಕ್ಷಣ ಹೊತ್ತು ತಡೆದು ನಿಲ್ಲುವುದನ್ನು ಗಮನಿಸಿದ್ದೆ. ಕೆನಡಾದ ಸಂಶೋಧಕರು ಯಂತ್ರದ ನಾಯಿಗೆ ಒಮ್ಮೆ ಉದ್ದ ಬಾಲ, ಒಮ್ಮೆ ಗಿಡ್ಡ ಬಾಲ ಜೋಡಿಸಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉದ್ದ ಬಾಲ ಸುಮ್ಮನಿದ್ದಾಗಿನದಕ್ಕಿಂತ ಆಡುತ್ತಿದ್ದಾಗ ನಾಯಿಗಳು ಹೆಚ್ಚು ನಿರಾತಂಕವಾಗಿ ಹತ್ತಿರ ಬಂದವು, ಗಿಡ್ಡ ಬಾಲದಲ್ಲಿ ಆ ವ್ಯತ್ಯಾಸ ಅವಕ್ಕೆ ತಿಳಿಯಲಿಲ್ಲ ಎಂದು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ತುಂಗೆಯ ಬಾಲ ನೋಡುವುದಕ್ಕೆ ಸೊಗಸು. ತುದಿಯಲ್ಲಿ ಬಿಳಿಯ ಕುಚ್ಚು. ಕಂದು ಬಣ್ಣದ ಒಣ ಬ್ರ್ಯಾಕನ್ ಜರಿಗಿಡಗಳ ನಡುವೆ ಅದೊಂದೇ ಮೇಲೆದ್ದು ಓಡಾಡುತ್ತಿತ್ತು, ನಾನು ಅದನ್ನು ನೋಡಿಕೊಂಡೇ ಸಾಲಿನಲ್ಲಿ ಹೆಜ್ಜೆ ಹಾಕುತ್ತಿದ್ದೆ. ಎರಡನೆಯ ಋತುವಿನ ನವೆಂಬರ್‌ನಲ್ಲಿ ಆ ಬಿಳಿ ಕೆಂಪಾಯಿತು. ತುದಿಯ ಚರ್ಮ ಸೀಳಿತ್ತು, ಅಷ್ಟೇ; ಬೆರಳಿನ ಗಾಯಕ್ಕಿಂತ ದೊಡ್ಡದಲ್ಲ. ಆದರೆ ಬೆರಳನ್ನು ಅಲ್ಲಾಡಿಸದೆ ಇಟ್ಟುಕೊಳ್ಳಬಹುದು, ಸಂತೋಷವಾದಾಗಲೆಲ್ಲ ಬಾಲ ಬೀಸುವ ನಾಯಿಗೆ ಸಂತೋಷ ಬೇಡವೆಂದು ಹೇಳುವುದು ಹೇಗೆ? ಅಡುಗೆಮನೆಯ ಗೋಡೆಗೆ, ಕಾರಿನ ಒಳಮೇಲ್ಛಾವಣಿಗೆ, ಒಮ್ಮೆ ಒಗೆದು ಹರವಿದ್ದ ಪಂಚೆಗೆ ರಕ್ತದ ಹನಿಗಳು ಚಿಮ್ಮಿದವು. ಪಟ್ಟಿ ಕಟ್ಟಿದರೆ ಒಂದು ಗಂಟೆಯಲ್ಲಿ ಹಾರಿಹೋಗುತ್ತಿತ್ತು. ಸಿರಿಂಜಿನ ಪ್ಲಾಸ್ಟಿಕ್ ಕವಚಕ್ಕೆ ಗಾಳಿಯಾಡಲು ತೂತುಗಳನ್ನು ಕೊರೆದು ತುದಿಗೆ ತೊಡಿಸಿ, ಮೇಲೆ ಅಂಟುಪಟ್ಟಿ ಸುತ್ತುವ ಉಪಾಯವನ್ನು ಎಸ್ಟೇಟಿನ ಬೇಟೆಹಕ್ಕಿಗಳನ್ನು ನೋಡಿಕೊಳ್ಳುವ ಹಿರಿಯ ಕೀಪರ್ ಹೇಳಿಕೊಟ್ಟರು. ಅದರಿಂದ ಒಂದು ತಿಂಗಳಲ್ಲಿ ಮಾಯಿತು. ಮುಂದಿನ ಅಕ್ಟೋಬರ್‌ನ ಎರಡನೆಯ ದಿನವೇ ಮತ್ತೆ ಒಡೆಯಿತು.

ಆ ಋತುವೆಲ್ಲ ಹೀಗೆಯೇ ನಡೆಯಿತು: ಎರಡು ವಾರ ಮಾಯುವುದು, ಒಂದು ದಿನ ಹಳುವಿಗೆ ಹೋಗುವುದು, ಮತ್ತೆ ಒಡೆಯುವುದು. ಕೊನೆಗೆ ತುದಿಯ ಮೂಳೆಗೆ ಸೋಂಕು ತಗಲಿ, 2016ರ ಮಾರ್ಚಿನಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಅರ್ಧ ಬಾಲವನ್ನು ತೆಗೆಯಬೇಕಾಯಿತು. ಹೊಲಿಗೆಗಳು ಒಮ್ಮೆ ಬಿಚ್ಚಿದವು. ಗಾಯ ನೆಕ್ಕದಂತೆ ಕೊರಳಿಗೆ ಆಲಿಕೆಯಾಕಾರದ ಕವಚ ಕಟ್ಟಿಕೊಂಡು ಬಾಗಿಲುಗಳಿಗೆ ಡಿಕ್ಕಿ ಹೊಡೆಯುತ್ತ ಅವಳು ಎಂಟು ವಾರ ಕಳೆದಳು. ದೊಡ್ಡ ನಾಯಿಯ ಬಾಲದ ಶಸ್ತ್ರಚಿಕಿತ್ಸೆಯೂ ಮೂರು ದಿನದ ಮರಿಯ ಬಾಲಕ್ಕೆ ಕತ್ತರಿ ಹಾಕುವುದೂ ಒಂದೇ ಮಾತಿನಿಂದ ಕರೆಯಬಹುದಾದ ಕೆಲಸಗಳಲ್ಲ ಎಂಬುದು ನನಗೆ ಆ ಎಂಟು ವಾರಗಳಲ್ಲಿ ಮನವರಿಕೆಯಾಯಿತು. ಆ ಮೇಲೆ ಅವಳು ಇನ್ನೂ ಐದು ಋತು ದುಡಿದಳು, ಹೇಮೆಯಂತೆಯೇ ಮೋಟು ಬಾಲದಲ್ಲಿ.

ಭದ್ರೆ ಈಗಲೂ ದುಡಿಯುತ್ತಿದ್ದಾಳೆ. ಈವರೆಗೆ ಎರಡು ಸಲ ತುದಿ ತರಚಿದೆ, ಎರಡೂ ಪಟ್ಟಿಯ ಹಂಗಿಲ್ಲದೆ ಮಾಯಿವೆ. ಕಾರಣ ಸರಳವೆಂದು ತೋರುತ್ತದೆ: ಬಾಲದ ಕೊನೆಯ ಭಾಗದಲ್ಲಿ ಮಾಂಸ ಕಡಿಮೆ, ಚರ್ಮ ತೆಳು, ರಕ್ತಸಂಚಾರ ಕಡಿಮೆ, ಬೀಸಿನ ವೇಗ ಮಾತ್ರ ಅಲ್ಲಿಯೇ ಹೆಚ್ಚು. ಆ ಭಾಗ ಹೋದ ಮೇಲೆ ಉಳಿಯುವ ತುದಿ ದಪ್ಪನೆಯದು, ಅದು ಪೆಟ್ಟು ತಾಳುತ್ತದೆ. ಬಾಲದ ಮೂರನೆಯ ಎರಡು ಭಾಗ ಉಳಿದಿರುವುದರಿಂದ ಅವಳು ಹಕ್ಕಿಯನ್ನು ಸಮೀಪಿಸುತ್ತಿರುವುದು ನನಗೂ ತಿಳಿಯುತ್ತದೆ, ಇತರ ನಾಯಿಗಳೂ ಅವಳನ್ನು ಓದಬಲ್ಲವು. ಬಿಳಿಯ ಕುಚ್ಚು ಮಾತ್ರ ಇಲ್ಲ. ಇಷ್ಟಾದರೂ ನನ್ನ ಹೋಲಿಕೆಯಲ್ಲಿ ಒಂದು ಕುಂದಿದೆಯೆಂದು ಒಪ್ಪಬೇಕು: ತುಂಗೆ ಹುಚ್ಚು ಆವೇಶದ ನಾಯಿ, ಭದ್ರೆ ಸಾವಧಾನದವಳು. ಇಡೀ ಬಾಲವಿದ್ದಿದ್ದರೆ ಭದ್ರೆಗೂ ಗಾಯವಾಗುತ್ತಿತ್ತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಬಾಲ ಕತ್ತರಿಸಬೇಕಾದದ್ದು ಮುಳ್ಳಿನ ದೋಷವಲ್ಲ, ತಳಿಯ ಸ್ವಭಾವದ ದೋಷ ಎಂಬುದು ನನಗೆ ಹೊಳೆದದ್ದು ಊರನ್ನು ನೆನೆದಾಗ. ಕೊಪ್ಪದ ಬಳಿ ನಮ್ಮ ಅಜ್ಜನ ಮನೆಯ ನಾಯಿಗಳು, 1972ರ ವನ್ಯಜೀವಿ ಕಾಯಿದೆಗೆ ಮುಂಚಿನ ದಿನಗಳಲ್ಲಿ, ಬ್ರಾಂಬಲ್‌ಗೆ ಯಾವುದರಲ್ಲೂ ಕಡಿಮೆಯಿಲ್ಲದ ಲಂಟಾನದೊಳಗೆ ಹಂದಿಯ ಹಿಂದೆ ನುಗ್ಗುತ್ತಿದ್ದವಂತೆ. ಅವುಗಳ ಬಾಲ ಕತ್ತರಿಸುವ ಮಾತನ್ನು ಯಾರೂ ಆಡಿದ್ದಿಲ್ಲ. ನಮ್ಮ ನಾಡುನಾಯಿಯ ಬಾಲ ಬೆನ್ನ ಮೇಲೆ ಸುರುಳಿ ಸುತ್ತಿಕೊಂಡಿರುತ್ತದೆ, ಅಕ್ಕಪಕ್ಕಕ್ಕೆ ಚಾಟಿಯಂತೆ ಬೀಸುವುದಿಲ್ಲ. ದಬ್ಬೆ ಕಟ್ಟಿದರೂ ಹೋಗದ ಆ ಡೊಂಕನ್ನು ನಾವು ಗಾದೆಯಲ್ಲಿ ಹಳಿದದ್ದೇ ಬಂತು. ಬಯಲಿನಲ್ಲಿ ಕಣ್ಣಿಂದ ನೋಡಿ ಓಡಿ ಹಿಡಿಯುವ ಮುಧೋಳ ನಾಯಿಗೆ ಉದ್ದ ಬಾಲ ತಿರುವುಗಳಲ್ಲಿ ಮೈ ತೂಗಿಸಿಕೊಳ್ಳಲು ಬೇಕೇ ಬೇಕು. ಇಲ್ಲಿಯೂ ಹಾಗೆಯೇ, ತೆರೆದ ಹೀದರ್ ಬಯಲಿನಲ್ಲಿ ದುಡಿಯುವ ಸೆಟರ್‌ಗಳ ಬಾಲವನ್ನಾಗಲಿ, ಹೊತ್ತು ತರುವ ಲ್ಯಾಬ್ರಡಾರ್‌ನ ಬಾಲವನ್ನಾಗಲಿ ಕತ್ತರಿಸುವ ರೂಢಿ ಇಲ್ಲ. ಬೆಂಗಳೂರಿನಲ್ಲಿ ಬಾಲ ಕತ್ತರಿಸಿದ ಡಾಬರ್‌ಮನ್‌ಗಳನ್ನೂ ಬಾಕ್ಸರ್‌ಗಳನ್ನೂ ನೋಡಿದಾಗ, ಸೋಫಾ ಬಿಟ್ಟು ಬೇರೆ ಯಾವ ಪೊದೆಯನ್ನೂ ಕಾಣದ ಆ ಪ್ರಾಣಿಗಳಿಗೆ ಇದನ್ನು ಯಾವ ನ್ಯಾಯದಿಂದ ಮಾಡಿದರೋ ಎನ್ನಿಸುತ್ತದೆ. ಅದು ಈ ಹೋಲಿಕೆಯ ಹೊರಗಿನ ಮಾತು, ಅದನ್ನು ಸಮರ್ಥಿಸುವ ಒಂದು ಕಾರಣವೂ ನನಗೆ ಕಂಡಿಲ್ಲ.

ಮೂರು ನಾಯಿಗಳಿಂದ ಲೋಕದ ಲೆಕ್ಕ ಹಾಕಬಾರದೆಂದು ಪ್ರಕಟವಾದ ಅಂಕಿಗಳನ್ನೂ ನೋಡಿದೆ. ಬ್ರಿಟನ್ನಿನ 52 ಪಶುಚಿಕಿತ್ಸಾಲಯಗಳಿಗೆ ಬಂದ 1,38,212 ನಾಯಿಗಳನ್ನು ಪರಿಶೀಲಿಸಿದ 2010ರ ಅಧ್ಯಯನದಲ್ಲಿ ಬಾಲದ ಗಾಯಗಳು ಸಿಕ್ಕಿದ್ದು 281. ಒಂದು ಗಾಯವನ್ನು ತಪ್ಪಿಸಲು ಸುಮಾರು 500 ಮರಿಗಳ ಬಾಲ ಕತ್ತರಿಸಬೇಕಾಗುತ್ತದೆ ಎಂಬುದು ಅದರ ಲೆಕ್ಕ. ಆದರೆ ಅದು ಮನೆಯ ನಾಯಿ, ದುಡಿಯುವ ನಾಯಿ ಎಲ್ಲವನ್ನೂ ಸೇರಿಸಿದ ಲೆಕ್ಕ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ದುಡಿಮೆಯ ನಾಯಿಗಳನ್ನೇ ಕುರಿತು ಮಾಡಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಲ ಕತ್ತರಿಸದ ಸ್ಪ್ಯಾನಿಯಲ್‌ಗಳ ಪೈಕಿ ಶೇಕಡಾ 56.6ಕ್ಕೆ ಒಂದೇ ಋತುವಿನಲ್ಲಿ ಗಾಯವಾಗಿತ್ತು. ಒಂದು ಗಾಯ ತಪ್ಪಿಸಲು 2ರಿಂದ 18 ಮರಿಗಳು ಸಾಕಾಗುತ್ತವೆ ಎಂದಿತು. ಉತ್ತರ ಕೊಟ್ಟವರು ನಾಯಿಗಳ ಒಡೆಯರೇ ಆದ್ದರಿಂದ, ಗಾಯ ಕಂಡವರೇ ಹೆಚ್ಚು ಉತ್ಸಾಹದಿಂದ ಬರೆದಿರಬಹುದು ಎಂಬ ಅನುಮಾನಕ್ಕೆ ಎಡೆಯಿದೆ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ಚಿಕಿತ್ಸಾಲಯಗಳ ದಾಖಲೆಗಳನ್ನು ಹಿಡಿದು, ತುಂಗೆಗೆ ಆದಂಥ ಒಂದೇ ಒಂದು ಶಸ್ತ್ರಚಿಕಿತ್ಸೆಯನ್ನು ತಪ್ಪಿಸಲು 320 ಸ್ಪ್ಯಾನಿಯಲ್ ಮರಿಗಳ ಬಾಲ ಕತ್ತರಿಸಬೇಕಾದೀತು ಎಂದು ತೋರಿಸಿತು. ನನ್ನ ತುಂಗೆ ಆ ಒಂದನೆಯವಳಾದದ್ದರಿಂದ ಉಳಿದ 319 ಮರಿಗಳು ನನ್ನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಆ ಮರಿಗಳು ಕಣ್ಣಿಗೆ ಬಿದ್ದದ್ದು 2022ರ ವಸಂತದಲ್ಲಿ, ಭದ್ರೆ ಆರು ಮರಿ ಹಾಕಿದಾಗ. ಬ್ರಿಟಿಷ್ ಪಶುವೈದ್ಯರ ಸಂಘ ಬಾಲ ಕತ್ತರಿಸುವುದನ್ನು ವಿರೋಧಿಸುತ್ತದೆ. ನಮಗೆ ಹತ್ತಿರದ ವೈದ್ಯರೂ ಒಪ್ಪಲಿಲ್ಲ, ನಲವತ್ತು ಮೈಲಿ ದೂರದವರು ಒಪ್ಪಿದರು. ದುಡಿಮೆಗೆ ಹೋಗುವುದು ಖಚಿತವೆಂದು ನಾಲ್ಕು ಮರಿಗಳನ್ನು ಮೂರನೆಯ ದಿನ ಅಲ್ಲಿಗೆ ಒಯ್ದೆ, ಮನೆಗಳಿಗೆ ಹೋಗಲಿದ್ದ ಎರಡನ್ನು ತಾಯಿಯ ಬಳಿ ಬಿಟ್ಟೆ. ಕತ್ತರಿ ತಗಲಿದಾಗ ನಾಲ್ಕೂ ಚೀರಿದವು. ಎರಡು ಮೂರು ನಿಮಿಷಗಳಲ್ಲಿ ಸುಮ್ಮನಾದವು, ಮನೆಗೆ ಬಂದ ಕೂಡಲೇ ಮೊಲೆ ಹಿಡಿದವು. ಹಾಲು ಕುಡಿಯುವುದು ನೋವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಹಾಲು ಕುಡಿಯುವುದೇ ಆ ವಯಸ್ಸಿನ ಮರಿಗೆ ಗೊತ್ತಿರುವ ಏಕೈಕ ಸಮಾಧಾನ ಎಂದು ವೈದ್ಯೆ ಹೇಳಿದರು. ನಾನು ವಾದ ಮಾಡಲಿಲ್ಲ.

ಎಂಟನೆಯ ವಾರದಲ್ಲಿ, ಮುಂಗಡವಾಗಿ ಮಾತು ಕೊಟ್ಟಿದ್ದ ಕೀಪರ್ ಒಬ್ಬರು ಕೆಲಸ ಬಿಟ್ಟು ಊರು ಬದಲಿಸಿದರು. ಅವರಿಗೆಂದು ತುದಿ ತೆಗೆಸಿದ ಮರಿ ಗ್ಲಾಸ್ಗೋದ ಮೂರನೆಯ ಮಹಡಿಯ ಮನೆಯೊಂದಕ್ಕೆ ಹೋಯಿತು. ಈಗಲೂ ಅದರ ಚಿತ್ರಗಳು ಬರುತ್ತಿರುತ್ತವೆ, ಕಂಬಳಿಯ ಮೇಲೆ, ಕಿಟಕಿಯ ಬಳಿ. ಹಾಗಾಗಿ ನನ್ನ ಆಯ್ಕೆಯನ್ನು ಹೀಗೆ ಇಟ್ಟುಕೊಂಡಿದ್ದೇನೆ: ಬ್ರಾಂಬಲ್‌ನಲ್ಲಿ ದುಡಿಯುವ ಸ್ಪ್ಯಾನಿಯಲ್‌ಗೆ ತುದಿಯ ಮೂರನೆಯ ಒಂದು ಭಾಗ ಸಾಕು, ಅರ್ಧ ಕತ್ತರಿಸುವುದು ಅನಗತ್ಯ, ದುಡಿಮೆ ಖಚಿತವಿಲ್ಲದ ಮರಿಗೆ ಇಡೀ ಬಾಲವೇ ಇರಲಿ. ಖಚಿತ ಎನ್ನುವ ಮಾತನ್ನು ಐದನೆಯ ದಿನದೊಳಗೆ ಹೇಳಬೇಕಾಗಿರುವುದರಿಂದ, ಭದ್ರೆಯ ಮಗಳಿಗೆ ಮುಂದಿನ ವರ್ಷ ಮರಿಗಳಾದರೆ, ಸ್ವತಃ ನನ್ನ ಜೊತೆ ಸೋವಿನ ಸಾಲಿನಲ್ಲಿ ನಡೆಯುವವರಿಗೆ ಹೋಗುವ ಮರಿಗಳನ್ನು ಮಾತ್ರ ಆ ನಲವತ್ತು ಮೈಲಿ ಒಯ್ಯಬೇಕೆಂದಿದ್ದೇನೆ. ಸದ್ಯಕ್ಕೆ ಅಂಥವರು ಇಬ್ಬರಿದ್ದಾರೆ.