ನಾಯಿ ಕಚ್ಚಿದ ಮಗುವಿಗೆ ‘ಇಂಜೆಕ್ಷನ್ ಆಯ್ತು’ ಅಂದರೆ, ಯಾವ ಇಂಜೆಕ್ಷನ್ ಅಂತ ಕೇಳಿ

ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಪೂರ್ತಿ ಓದಿ. ನಾಯಿ ಕಚ್ಚಿದಾಗ ಹಾಕುವ ಇಂಜೆಕ್ಷನ್‌ನಲ್ಲಿ ಮೂರು ಬಗೆ ಇದೆ. ಒಂದು ಟಿಟಿ. ಅದು ಧನುರ್ವಾಯುವಿಗೆ, ಹುಚ್ಚುನಾಯಿ ರೋಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ರೇಬಿಸ್ ಲಸಿಕೆ, ಆಸ್ಪತ್ರೆಯಲ್ಲಿ ಎಆರ್‌ವಿ ಅಂತಾರಲ್ಲ ಅದು. ಮೂರನೆಯದು ಗಾಯದೊಳಕ್ಕೇ ಚುಚ್ಚುವ ಸೀರಂ, ಅಂದರೆ ಇಮ್ಯುನೋಗ್ಲಾಬ್ಯುಲಿನ್. ನಮ್ಮ ಅಕ್ಕನ ಮಗನಿಗೆ ಟಿಟಿ ಒಂದನ್ನೇ ಹಾಕಿ, ದುಡ್ಡು ಎಣಿಸಿಕೊಂಡು, “ಇಂಜೆಕ್ಷನ್ ಆಯ್ತು, ಭಯಪಡಬೇಡಿ” ಅಂತ ಮನೆಗೆ ಕಳಿಸಿದ್ದರು.

ಅಕ್ಕ ಇರುವುದು ಒಂದು ಸಣ್ಣ ತಾಲ್ಲೂಕು ಕೇಂದ್ರದಲ್ಲಿ. ಹುಡುಗ ಒಂದನೇ ಕ್ಲಾಸು. ಬೀದಿ ಕೊನೆಯಲ್ಲಿ ಯಾರೋ ತಂದು ಬಿಟ್ಟುಹೋಗಿದ್ದ ಮರಿಗೆ ಬಿಸ್ಕತ್ತು ಹಾಕಲು ಹೋಗಿ ಕೈಗೂ ಕೆಳತುಟಿಗೂ ಕಚ್ಚಿಸಿಕೊಂಡ. ರಕ್ತ ಬಂತು. ಪಕ್ಕದ ಮನೆ ಅಜ್ಜಿ ಅರಿಶಿನ, ಸುಣ್ಣ ಕಲಸಿ ಮೆತ್ತಿದರು. ಅವರದು ಪ್ರೀತಿಯೇ, ತಪ್ಪು ಹೊರಿಸಲಾರೆ. ಭಾವ ಬಂದವರೇ ಹತ್ತಿರದ ಕ್ಲಿನಿಕ್‌ಗೆ ಎತ್ತಿಕೊಂಡು ಓಡಿದರು. ಅಲ್ಲಿ ಆ ಮೆತ್ತಿದ್ದನ್ನು ಹತ್ತಿಯಲ್ಲಿ ಒರೆಸಿ, ಕೈ ಗಾಯಕ್ಕೆ ಹೊಲಿಗೆ ಹಾಕಿದರು. ಟಿಟಿ ಕೊಟ್ಟರು, ಆಂಟಿಬಯೋಟಿಕ್ ಸಿರಪ್ ಬರೆದರು. “ಹುಚ್ಚು ನಾಯಿದು?” ಅಂತ ಭಾವ ಕೇಳಿದ್ದಕ್ಕೆ ಸಿಕ್ಕ ಉತ್ತರ: “ಮರಿ ತಾನೇ, ಹತ್ತು ದಿನ ಅದರ ಮೇಲೆ ಕಣ್ಣಿಡಿ. ಸತ್ತರೆ ಬನ್ನಿ.”

ಈ ಮಾತೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು. ಹತ್ತು ದಿನ ನಾಯಿಯನ್ನು ಗಮನಿಸುವ ಪದ್ಧತಿ ನಿಜವಾಗಿಯೂ ಇದೆ, ಆದರೆ ಅದು ಲಸಿಕೆ ಶುರು ಮಾಡಿದ ಮೇಲೆ ನಡೆಯಬೇಕಾದ ಕೆಲಸ. ಹತ್ತು ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ ಉಳಿದ ಡೋಸ್ ಬೇಕೋ ಬೇಡವೋ ಅಂತ ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಮಗುವನ್ನು ಬರಿಗೈಯಲ್ಲಿ ಕೂರಿಸಿ ಕಾಯುವುದಲ್ಲ. ಅದೂ ಬೀದಿಯ ಮರಿ, ಮಾರನೆಯ ದಿನ ಹುಡುಕಿದರೆ ಅಲ್ಲಿರಲೇ ಇಲ್ಲ. ಮರಿಗಳಿಗೆ ರೇಬಿಸ್ ಬರುವುದಿಲ್ಲ ಅನ್ನುವುದೂ ಸುಳ್ಳು.

ನಮ್ಮನ್ನು ಕಾಪಾಡಿದ್ದು ಆ ಬೀದಿಯ ಆಶಾ ಕಾರ್ಯಕರ್ತೆ. ಲಾರ್ವಾ ಸಮೀಕ್ಷೆಗೆ ಅಂತ ನೀರಿನ ಡ್ರಮ್ ನೋಡಲು ಬಂದವರು ಹುಡುಗನ ಕೈಗೆ ಕಟ್ಟಿದ್ದ ಪಟ್ಟಿ ನೋಡಿ ವಿಚಾರಿಸಿದರು. “ಇಂಜೆಕ್ಷನ್ ಆಗಿದೆ ಮೇಡಂ” ಅಂದಳು ಅಕ್ಕ. “ಯಾವ್ದಕ್ಕಾ? ಚೀಟಿ ತೋರ್ಸಿ” ಅಂದರು. ಚೀಟಿ ನೋಡಿದ ಮೇಲೆ ಡ್ರಮ್ಮಿನ ಲೆಕ್ಕ ಅಲ್ಲೇ ಬಿಟ್ಟು, “ಇದು ಬರೀ ಟಿಟಿ. ಈಗಲೇ ಹೊರಡಿ, ಸಾಯಂಕಾಲ ಅನ್ಬೇಡಿ” ಅಂತ ಜತೆಗೇ ಬಂದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದೇನು ಗೊತ್ತೇ? ನಲ್ಲಿ ಕೆಳಗೆ ಕೈ ಹಿಡಿಸಿ ಸೋಪು ಹಚ್ಚಿ ತೊಳೆಸಿದ್ದು. ಕಚ್ಚಿದ ತಕ್ಷಣ ಮನೆಯಲ್ಲೇ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಬೇಕಿತ್ತು. ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದುಹಾಕುತ್ತದೆ. ಖಾರದಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ ಯಾವುದೂ ಈ ಕೆಲಸ ಮಾಡುವುದಿಲ್ಲ, ಗಾಯ ಕೆರಳಿಸುತ್ತವೆ ಅಷ್ಟೆ. ಆಮೇಲೆ ಎರಡೂ ತೋಳಿಗೆ ಚರ್ಮದೊಳಗೆ ಪುಟ್ಟ ಪುಟ್ಟ ಡೋಸ್ ಲಸಿಕೆ ಕೊಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಸೀರಂ ಮಾತ್ರ ಅಲ್ಲಿ ಸ್ಟಾಕ್ ಇರಲಿಲ್ಲ. ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಸಂಜೆಯಾಗಿತ್ತು, ಬಸ್ಸು ತಪ್ಪಿ ಭಾವ ಯಾರದೋ ಓಮ್ನಿ ಹಿಡಿದು ಹೋದರು. ಈ ಹಂತದಲ್ಲೇ ಎಷ್ಟೋ ಮನೆಯವರು “ಲಸಿಕೆ ಆಯ್ತಲ್ಲ, ಸಾಕು” ಅಂತ ಹಿಂದಿರುಗುತ್ತಾರೆ. ಹಿಂದಿರುಗಬೇಡಿ. ಲಸಿಕೆ ಹಾಕಿದ ಮೇಲೆ ದೇಹ ತಾನಾಗಿ ಪ್ರತಿಕಾಯ ತಯಾರಿಸಲು ಒಂದು ವಾರದ ಮೇಲೇ ಬೇಕು. ಆ ನಡುವಿನ ದಿನಗಳಲ್ಲಿ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಸೀರಂ. ಮುಖ, ಕುತ್ತಿಗೆ, ಬೆರಳುಗಳಲ್ಲಿ ನರಗಳು ದಟ್ಟ, ಮುಖದಿಂದ ಮೆದುಳಿಗೆ ದಾರಿಯೂ ಹತ್ತಿರ. ಅದಕ್ಕೇ ರಕ್ತ ಬಂದ ಕಡಿತ, ಸೀಳಿದ ಚರ್ಮದ ಮೇಲೆ ನೆಕ್ಕಿದ್ದು, ಬಾಯಿ ಕಣ್ಣಿಗೆ ಜೊಲ್ಲು ತಾಗಿದ್ದು, ಇವೆಲ್ಲ ‘ಕೆಟಗರಿ 3’, ಅಂದರೆ ಅತಿ ಹೆಚ್ಚು ಅಪಾಯದ ಗುಂಪು. ಅದಕ್ಕೆ ಲಸಿಕೆ, ಸೀರಂ ಎರಡೂ ಬೇಕು. ಮೊದಲ ದಿನವೇ ಆಗಬೇಕು. ಆಗದಿದ್ದರೆ ಮೊದಲ ಡೋಸ್ ಲಸಿಕೆಯಾದ 7 ದಿನದೊಳಗೆ, ಆಮೇಲೆ ಕೊಟ್ಟು ಉಪಯೋಗವಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ತೂಕ ನೋಡಿ, ಅದಕ್ಕೆ ತಕ್ಕಷ್ಟು ಸೀರಂ ಎಳೆದು, ತುಟಿ ಮತ್ತು ಕೈಯ ಗಾಯದ ಒಳಗೆ, ಸುತ್ತ ಚುಚ್ಚಿದರು. ಹುಡುಗನ ಕಿರುಚಾಟ ಕೇಳಲಾಗುತ್ತಿರಲಿಲ್ಲ ಅಂದರು ಭಾವ. ಹೊಲಿಗೆ ಕಂಡು ಅಲ್ಲಿನ ಡಾಕ್ಟರಿಗೆ ಸಿಟ್ಟು ಬಂದಿತ್ತು. ನಾಯಿ ಕಡಿತದ ಗಾಯಕ್ಕೆ ಹೊಲಿಗೆ ಹಾಕುವುದನ್ನು ಆದಷ್ಟು ತಪ್ಪಿಸಬೇಕಂತೆ, ಸೂಜಿ ಆಡಿದಷ್ಟೂ ವೈರಸ್ಸು ಒಳಗಿನ ನರಗಳಿಗೆ ತಲುಪುತ್ತದೆ. ಹಾಕಲೇಬೇಕಾದರೂ ಸೀರಂ ಆದ ಮೇಲೆ, ಸಡಿಲವಾಗಿ.

ಹುಡುಗ ಈಗ ಚೆನ್ನಾಗಿದ್ದಾನೆ. ಆದರೆ ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿದವರು ಲೋಕದಲ್ಲೇ ಬೆರಳೆಣಿಕೆ. ಲಕ್ಷಣ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಬೇಗ. ಗಾಯ ಮಾಯ್ದಿದೆ ಅನ್ನುವುದು ಏನನ್ನೂ ಹೇಳುವುದಿಲ್ಲ. ಕಚ್ಚಿ ವಾರಗಳಾಗಿದ್ದರೂ ಲಸಿಕೆಯೇ ಆಗಿಲ್ಲದಿದ್ದರೆ ಇವತ್ತೇ ಹೋಗಿ ತೋರಿಸಿ.

ನಮ್ಮಮ್ಮನ ಕಾಲದವರಿಗೆ ಇನ್ನೊಂದು ಹೆದರಿಕೆ: ಹೊಕ್ಕುಳ ಸುತ್ತ 14 ಇಂಜೆಕ್ಷನ್. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ, ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರಲ್ಲೇ ನಿಂತಿದೆ. ಆ ಹೆಸರು ಹೇಳಿ ಮಗುವನ್ನು ನಾಟಿ ಔಷಧಿಗೆ ಕರೆದೊಯ್ಯುವವರು ಈಗಲೂ ಇದ್ದಾರೆ. ಈಗಿನದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಖಾಸಗಿಯಲ್ಲಿ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಮೊದಲ ಡೋಸ್ ಹಾಕಿದ ದಿನವೇ 0. ಬಸುರಿ, ಬಾಣಂತಿ ಯಾರಿಗೂ ಇದು ನಿಷಿದ್ಧವಲ್ಲ. ಬದನೆಕಾಯಿ ತಿನ್ನಬಾರದು, ತಲೆಗೆ ನೀರು ಹಾಕಬಾರದು ಅನ್ನುವ ಪಥ್ಯವೂ ಇಲ್ಲ.

ಆ ಕ್ಲಿನಿಕ್ ವಿಷಯ. ಭಾವ ಹೋಗಿ ಕೇಳಿದರೆ “ನಾವು ಹೇಳಿದ್ವಿ, ನೀವೇ ಮರೆತಿರಿ” ಅಂದರಂತೆ. ಚೀಟಿಯಲ್ಲಿ ಲಸಿಕೆಯ ಮಾತೇ ಇಲ್ಲ. ಖಾಸಗಿ ಕ್ಲಿನಿಕ್‌ಗಳೆಲ್ಲ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವೇ ಇದೆ. ಚೀಟಿಯ ನಕಲು ಸೇರಿಸಿ ದೂರು ಕೊಟ್ಟಿದ್ದೇವೆ. ಹೆಸರು ಇಲ್ಲಿ ಬರೆಯುವುದಿಲ್ಲ, ಇಂಥ ಕ್ಲಿನಿಕ್ ಪ್ರತಿ ಊರಲ್ಲೂ ಒಂದಿರುತ್ತದೆ.

ಕೊನೇ ಡೋಸ್ 28ನೇ ದಿನ ಬರುವಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಲಸಿಕೆ ಕಾರ್ಡನ್ನು ತಾಯಿ ಕಾರ್ಡಿನ ಜತೆಗೇ ಎತ್ತಿಡಿ. ಪೂರ್ತಿ ಕೋರ್ಸ್ ಆದವರಿಗೆ ಮುಂದೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಸೀರಂ ಬೇಕಿಲ್ಲ. ಆದರೆ ಆಗಿದೆ ಅನ್ನುವುದಕ್ಕೆ ಕಾಗದ ತೋರಿಸಬೇಕು.